ಅಳಿಸಿದ ಮೇಲೂ ಉಳಿದ ಗೀರು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮುಚ್ಚಿಹೋದ ಐಸ್ ಕಾರ್ಖಾನೆಯ ಹಿಂಬದಿ ಓಣಿಯಲ್ಲಿ ಒಬ್ಬ ಹೆಂಗಸು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಕ್ಯಾಮೆರಾದ ಮುಂದೆ ಮದುಮಕ್ಕಳಿಲ್ಲ, ಮಗುವಿಲ್ಲ, ನಾಯಿಯೂ ಇಲ್ಲ. ಇರುವುದು ಗಿಲಾವು ಕಿತ್ತುಹೋದ ಗೋಡೆ. ಪಕ್ಕದ ಗೋದಾಮಿನ ಕಾವಲುಗಾರ ಟೋಪಿ ಸರಿಪಡಿಸಿಕೊಳ್ಳುತ್ತಾ ಬರುತ್ತಾನೆ.

"ಏನಮ್ಮಾ, ಇಲ್ಲಿ ಏನಿದೆ ಅಂತ ಫೋಟೋ?"

"ಗೋಡೆ ಇದೆಯಲ್ಲಣ್ಣ."

"ಗೋಡೆ ಎಲ್ಲಾ ಕಡೆ ಇರುತ್ತೆ."

"ಇರುತ್ತೆ. ಇಷ್ಟು ಚೆನ್ನಾಗಿ ಹಾಳಾಗಿರೋದು ಎಲ್ಲಾ ಕಡೆ ಸಿಗಲ್ಲ."

ಕಾವಲುಗಾರನಿಗೆ ಇದು ತಮಾಷೆಯೋ ತಲೆಕೆಟ್ಟ ಮಾತೋ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಾನೆ, ತಾನೇನಾದರೂ ಇಷ್ಟು ವರ್ಷ ಗಮನಿಸದೆ ಹೋದೆನಾ ಎಂಬಂತೆ. ಅವಳಿಗೆ ಅವನ ಜೊತೆ ಹರಟುವಷ್ಟು ಪುರುಸೊತ್ತಿಲ್ಲ. ಸೂರ್ಯ ಎದುರಿನ ಮಾಳಿಗೆ ದಾಟಿದನೆಂದರೆ ಬಿಸಿಲು ಬಿದ್ದು ಗೋಡೆಯ ಉಬ್ಬುತಗ್ಗಿಗೆಲ್ಲ ನೆರಳು ಮೂಡುತ್ತದೆ, ನೆರಳು ಬಿದ್ದ ಗೋಡೆ ಅವಳಿಗೆ ಮೂರು ಕಾಸಿಗೂ ಬೇಡ. ನೆರಳು ಮೂಡುವ ಮೊದಲಿನ ಈ ಮಂಕು ಬೆಳಕೇ ಅವಳ ಕೆಲಸದ ಹೊತ್ತು.

ಆದರೂ ಗುಂಡಿ ಒತ್ತುವ ಮೊದಲು ಇನ್ನೊಂದು ಕೆಲಸ ಮಾಡುತ್ತಾಳೆ. ಬ್ಯಾಗಿನಿಂದ ಟಾರ್ಚು ತೆಗೆದು, ಅದರ ಮೂತಿಯನ್ನು ಗೋಡೆಗೆ ತಾಗಿಸಿ, ಬೆಳಕನ್ನು ಓರೆಯಾಗಿ ಹರಿಸುತ್ತಾಳೆ. ಎಡಗೈಯಿಂದ ಗೋಡೆಯನ್ನು ಸವರುತ್ತಾಳೆ, ಜ್ವರ ಬಂದ ಮಗುವಿನ ಬೆನ್ನು ಸವರುವಂತೆ. ಮೇಲಿಂದ ಕೆಳಗೆ, ಈ ತುದಿಯಿಂದ ಆ ತುದಿ. ಅವಳ ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಹಳೆಯ ಬಟನ್ ಫೋನು ಒಂದು ತೂಗಾಡುತ್ತಿದೆ. ಅದು ಅವಳದಲ್ಲ. ಅದು ಹೊಡೆದುಕೊಂಡರೆ ಬೆಳಕು ಹೋದರೂ ಸರಿ, ಗೋಡೆ ಹೋದರೂ ಸರಿ, ಎತ್ತಲೇಬೇಕು.

ಜೊತೆಯಲ್ಲಿ ಕೆಲಸ ಮಾಡುವವರು ಇವಳನ್ನು 'ಗೋಡೆ ಅಕ್ಕ' ಎನ್ನುತ್ತಾರೆ. ನಲವತ್ತು ದಾಟಿದ, ಸಣ್ಣ ಮೈಕಟ್ಟಿನ, ಮಾತಾಡುವಾಗ ಎದುರಿನವರ ಮುಖಕ್ಕಿಂತ ಅವರ ಬೆನ್ನ ಹಿಂದಿನ ಗೋಡೆಯನ್ನೇ ಹೆಚ್ಚು ನೋಡುವ ಹೆಂಗಸು. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ವಿಡಿಯೋ ಗೇಮ್ ಆಡುವವರು ಬೀದಿ ಬೀದಿ ಓಡುತ್ತಾರಲ್ಲ, ಆ ಬೀದಿಯ ಗೋಡೆ, ನೆಲ, ತುಕ್ಕು ಹಿಡಿದ ಗೇಟು, ಬಿರುಕು ಬಿಟ್ಟ ಬಾಗಿಲು, ಇವೆಲ್ಲ ಎಲ್ಲಿಂದ ಬರುತ್ತವೆ ಎಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರು ಕೊಡುವುದು ಬರೀ ಬೋಳು ಪೆಟ್ಟಿಗೆ. ಅದಕ್ಕೆ ಚರ್ಮ ಹೊದಿಸುವವರು ಇವಳಂಥವರು. ಆ ಚರ್ಮಕ್ಕೆ ಕಸುಬಿನಲ್ಲಿ ಟೆಕ್ಸ್ಚರ್ ಎನ್ನುತ್ತಾರೆ. ಗೋಡೆ ಅಕ್ಕನ ಅತ್ತೆಗೆ ಆ ಪದ ನಾಲಿಗೆ ಮೇಲೆ ಹೊರಳುವುದಿಲ್ಲ. ಯಾರಾದರೂ ವಿಚಾರಿಸಿದರೆ ಆಕೆ ಹೇಳುವುದು ಇಷ್ಟು: "ನಮ್ಮ ಸೊಸೆ ಇಲ್ಲದಿರೋ ಮನೆಗಳಿಗೆ ಗಿಲಾವು ಮಾಡ್ತಾಳೆ."

ಒಂದು ರೀತಿಯಲ್ಲಿ ಅತ್ತೆಯ ಮಾತೇ ಸರಿ. ಮನೆಯ ಮುಂಬದಿ ಕೋಣೆಯಲ್ಲಿ, ಕಿಟಕಿಗೆ ದಪ್ಪ ಪರದೆ ಬಿಟ್ಟು, ಎರಡು ಪರದೆಯ ಕಂಪ್ಯೂಟರಿನ ಮುಂದೆ ಅವಳ ದಿನ ಸಾಗುತ್ತದೆ. ಬೆಳಿಗ್ಗೆ ತೆಗೆದ ಫೋಟೋವನ್ನು ಮೊದಲು ನೆಟ್ಟಗೆ ಮಾಡಬೇಕು. ಆಮೇಲೆ ಅದರ ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳಗಂಚಿಗೆ ಕೂಡುವ ಹಾಗೆ ತಿದ್ದಬೇಕು, ಏಕೆಂದರೆ ಆಟದಲ್ಲಿ ಇದೇ ಒಂದು ಚಿತ್ರ ಅಕ್ಕಪಕ್ಕ ಜೋಡಿಸಿಕೊಳ್ಳುತ್ತಾ ಉದ್ದನೆಯ ಬೀದಿಯಾಗುತ್ತದೆ. ಅದಾದ ಮೇಲೆ ತೊಳೆಯುವ ಕೆಲಸ. ಹಕ್ಕಿ ಹಿಕ್ಕೆ, ಹರಿದ ಪೋಸ್ಟರಿನ ಚೂರು, ಇದ್ದಿಲಲ್ಲಿ ಬರೆದ ಹೆಸರು, ಬಾಣ ಚುಚ್ಚಿದ ಹೃದಯ, ಎಲ್ಲವನ್ನೂ ಒಂದೊಂದಾಗಿ ಅಳಿಸಬೇಕು.

"ಒಂದು ಸಲ ಯಾರೋ ಹುಡುಗ ಹುಡುಗಿ ಹೆಸರು ಬಿಟ್ಟುಬಿಟ್ಟಿದ್ದೆ" ಎಂದು ನಗುತ್ತಾಳೆ. "ಆಟದಲ್ಲಿ ನೋಡಿದ್ರೆ ಎಲ್ಲಾ ಬೀದೀಲೂ ಅದೇ ಜೋಡಿ. ಪೊಲೀಸ್ ಠಾಣೆ ಗೋಡೇಲೂ ಅವರೇ, ಶಾಲೆ ಗೋಡೇಲೂ ಅವರೇ. ಪಾಪ, ಅವರಿಗೇ ಅಷ್ಟು ಪ್ರೀತಿ ಇತ್ತೋ ಇಲ್ವೋ."

ತೊಳೆದ ಚಿತ್ರದ ಜೊತೆಗೆ, ಅದರಿಂದಲೇ ತೆಗೆದ ಇನ್ನೊಂದು ಚಿತ್ರವೂ ಬೇಕು. ಗೋಡೆಯ ಉಬ್ಬು ಎಲ್ಲಿ, ತಗ್ಗು ಎಲ್ಲಿ ಎಂದು ಆಟಕ್ಕೆ ಹೇಳುವ ಚಿತ್ರ ಅದು. ನೋಡಲು ಪರದೆ ತುಂಬಾ ಬದನೆ ಹೂವಿನ ಬಣ್ಣ. ಅದನ್ನು ಮೊದಲ ಸಲ ಕಂಡಾಗ ಅತ್ತೆ ಕಂಪ್ಯೂಟರು ಕೆಟ್ಟಿತು ಎಂದುಕೊಂಡು ಹೋಗಿ ಸ್ವಿಚ್ಚು ಆರಿಸಿಬಿಟ್ಟಿದ್ದಳು. ಈ ಉಬ್ಬುತಗ್ಗಿನ ಚಿತ್ರವಿಲ್ಲದಿದ್ದರೆ ಗೋಡೆ ಕಾಗದ ಅಂಟಿಸಿದಂತೆ ಚಪ್ಪಟೆಯಾಗಿರುತ್ತದೆ. ಇದ್ದರೆ, ಆಟದೊಳಗೆ ಯಾರಾದರೂ ದೀಪ ಹಿಡಿದು ಬಂದಾಗ ಒಂದೊಂದು ಬಿರುಕಿಗೂ ನೆರಳು ಬೀಳುತ್ತದೆ. ಕೊನೆಗೆ ಎರಡೂ ಚಿತ್ರಗಳನ್ನು ಕನ್ವರ್ಟರ್ ಎಂಬ ಸಾಫ್ಟ್‌ವೇರಿಗೆ ಹಾಕಿ, ಆಟಕ್ಕೆ ಅರಗುವ ಬಗೆಯ ಫೈಲಾಗಿ ಬದಲಾಯಿಸಬೇಕು. ಹತ್ತಿರದಿಂದ ನೋಡಲು ದೊಡ್ಡದು, ದೂರದಿಂದ ನೋಡಲು ಅದರ ಅರ್ಧ, ಇನ್ನೂ ದೂರಕ್ಕೆ ಅದರರ್ಧ, ಒಂದರೊಳಗೊಂದು ಸೇರಿಸಿಟ್ಟ ಡಬ್ಬಿಗಳ ಹಾಗೆ. ಫೋಲ್ಡರಿಗೆ ಫೋಲ್ಡರೇ ಒಟ್ಟಿಗೆ ಹಾಕಿದರೆ ಅದು ತನ್ನ ಪಾಡಿಗೆ ತಾನು ಅರೆಯುತ್ತಾ ಕೂರುತ್ತದೆ. ಗಡುವು ಹತ್ತಿರವಾದಾಗ ದಿನಕ್ಕೆ ನಲವತ್ತು ಚಿತ್ರವಾದರೂ ಹೀಗೆ ಹೋಗಬೇಕು. ಇಲ್ಲದಿದ್ದರೆ ಅತ್ತ ಆಟ ಕಟ್ಟುವವರು ಕೈಕಟ್ಟಿ ಕೂರಬೇಕಾಗುತ್ತದೆ.

ಅವಳು ಈ ಕಸುಬಿಗೆ ಹುಟ್ಟಿದವಳೇನಲ್ಲ. ಮದುವೆಗೆ ಮುಂಚಿನಿಂದಲೂ ಒಂದು ಫೋಟೋ ಸ್ಟುಡಿಯೋದಲ್ಲಿ ಮುಖ ತಿದ್ದುವ ಕೆಲಸ ಮಾಡುತ್ತಿದ್ದಳು. ಮೊಡವೆ ಅಳಿಸುವುದು, ಕೋಟಿಲ್ಲದವನಿಗೆ ಕೋಟು ತೊಡಿಸುವುದು, ಗುಂಪು ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋದಿಂದ ಕಣ್ಣು ತಂದು ಹಚ್ಚುವುದು. "ಒಬ್ಬ ಅಜ್ಜನಿಗೆ ಅವನ ಮಗನ ಕಣ್ಣೇ ಹಾಕಿದ್ದೆ. ಮನೆಯವರು ಅಜ್ಜ ಎಷ್ಟು ಲಕ್ಷಣವಾಗಿ ಬಂದಿದ್ದಾರೆ ಅಂದ್ರು" ಎನ್ನುತ್ತಾಳೆ. ಜನರ ಕೈಗೇ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ರಿಪೇರಿಗೆ ಹೋಗುತ್ತಿದ್ದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಗೇಮ್ ಮಾಡುವ ಸಣ್ಣ ಕಂಪನಿಯೊಂದಿತ್ತು. ಕೆಟ್ಟ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದ ಅದರ ಮುಖ್ಯಸ್ಥನನ್ನು ಹೊರಗೆ ಎಳೆದವನು ಇವನೇ. ಆ ಋಣದ ಎಳೆ ಹಿಡಿದು ಹೆಂಡತಿಗೊಂದು ಕೆಲಸ ಕೇಳಿದ. ಮುಖ ತಿದ್ದುವವಳು ಗೋಡೆ ತಿದ್ದುವವಳಾದಳು.

"ಮುಖಕ್ಕಿಂತ ಗೋಡೆ ವಾಸಿ" ಎನ್ನುತ್ತಾಳೆ. "ಗೋಡೆ ಬಂದು ನನ್ನ ಮೂಗು ಹೀಗ್ಯಾಕೆ ಮಾಡಿದ್ರಿ ಅಂತ ಕೇಳಲ್ಲ."

ಆದರೆ ಹೋದ ವರ್ಷ ಒಂದು ಗೋಡೆ ಬಂದು ಕೇಳಿತು. ಗೋಡೆಗೂ ಕಿವಿ ಇರುತ್ತದೆ ಎನ್ನುವುದನ್ನು ಎಲ್ಲರೂ ಬಲ್ಲರು, ಬಾಯಿಯೂ ಇರುತ್ತದೆ ಎನ್ನುವುದನ್ನು ಗೋಡೆ ಅಕ್ಕ ಆಗ ಕಲಿತಳು. ಇವತ್ತಿಗೂ ಅವಳ ನಿದ್ದೆ ಕೆಡಿಸುತ್ತಿರುವುದು ಆ ಒಂದು ಗೋಡೆಯೇ.

ಅದು ಸರಕು ಇಳಿಸುವ ಅಂಗಳದ ಪಕ್ಕದ ಗೋಡೆ. ತೇವ ಏರಿ ಏರಿ ಕೆಳಗೆಲ್ಲ ಪಾಚಿ, ಮೇಲೆ ಬಿಸಿಲಿಗೆ ಬೆಳ್ಳಗಾದ ಸುಣ್ಣ. ಒಂದು ಮೂಲೆಯಲ್ಲಿ ಯಾರೋ ಮೊಳೆಯಂಥದ್ದರಿಂದ ಗಿಲಾವನ್ನೇ ಕೊರೆದು ಏನೋ ಬರೆದಿದ್ದರು. ಗೋಡೆ ಅಕ್ಕನಿಗೆ ಅದು ಬರವಣಿಗೆಯಲ್ಲ, ಅಳಿಸಬೇಕಾದ ಗೀರು. ಓದಲಿಲ್ಲ. ಫೋಟೋ ತೆಗೆದುಕೊಂಡು ಬಂದಳು. ಆಟವನ್ನು ಒಪ್ಪಿಸುವ ಗಡುವು ಬಂದಿತ್ತು, ಅದೇ ಹೊತ್ತಿಗೆ ಅತ್ತೆಯ ಕಣ್ಣಿನ ಆಪರೇಷನ್ನೂ ಬಂತು. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುನ್ನ, ಸಮಯ ಉಳಿಯಲಿ ಎಂದು ಅವಳು ಒಂದು ಅಡ್ಡದಾರಿ ಹಿಡಿದಳು. ತೊಳೆಯದ ಮೂಲ ಫೋಟೋಗಳಿಂದಲೇ ಉಬ್ಬುತಗ್ಗಿನ ಚಿತ್ರ ತೆಗೆದು ಕನ್ವರ್ಟರಿಗೆ ಹಾಕಿ ಅರೆಯಲು ಬಿಟ್ಟು, ಬಣ್ಣದ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತೊಳೆದಳು. ಸಂಜೆ ಬಂದು ಎರಡನ್ನೂ ಜೋಡಿಸಿ ಕಳಿಸಿಬಿಟ್ಟಳು.

"ಮೊದಲು ತೊಳಿ, ಆಮೇಲೆ ಉಬ್ಬಿಸು. ನಮ್ಮ ಕೆಲಸದಲ್ಲಿ ಇದು ಅ ಆ ಇ ಈ ಇದ್ದ ಹಾಗೆ" ಎನ್ನುತ್ತಾಳೆ. "ಗೊತ್ತಿಲ್ಲದೆ ಮಾಡಿದ್ದಲ್ಲ. ಕಲೆ ಇರೋದು ಬಣ್ಣದಲ್ಲಿ ತಾನೆ, ಉಬ್ಬುತಗ್ಗಿಗೆ ಏನಾಗುತ್ತೆ ಅಂದ್ಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನನ್ನ ನೋಡೇ ಮಾಡಿದ ಗಾದೆ."

ಬಣ್ಣದ ಚಿತ್ರದಲ್ಲಿ ಗೀರಿನ ಸುಳಿವೂ ಇರಲಿಲ್ಲ. ಹಗಲು ಬೆಳಕಿನಲ್ಲಿ ಪರೀಕ್ಷೆ ಮಾಡಿದವರಿಗೆ ಗೋಡೆ ಸ್ವಚ್ಛವಾಗಿಯೇ ಕಂಡಿತು. ಆದರೆ ಉಬ್ಬುತಗ್ಗಿನ ಚಿತ್ರದೊಳಗೆ ಆ ಗೀರು ಹಾಗೇ ಕೂತಿತ್ತು. ಆಟದಲ್ಲಿ ಕತ್ತಲಾಗಿ, ಆಡುವವನು ಟಾರ್ಚು ಹಿಡಿದು ಗೋಡೆಯ ಪಕ್ಕದಲ್ಲೇ ನಡೆದರೆ ಮಾತ್ರ, ಓರೆ ಬೆಳಕಿಗೆ ಅಕ್ಷರಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಮನೆಗೆ ಬಾ. ಇಂತಿ ಅಕ್ಕ. ಅದರ ಕೆಳಗೆ ಒಂದು ಫೋನ್ ನಂಬರು.

ಆ ಆಟದ ಕತೆಯೇ ಖಾಲಿ ಊರೊಂದರಲ್ಲಿ ಕಳೆದುಹೋದವರನ್ನು ಹುಡುಕುವುದು. ಇಂಥ ಆಟದಲ್ಲಿ, ಕತ್ತಲಲ್ಲಿ ಮಾತ್ರ ಕಾಣುವ ಇಂಥ ಬರಹ. ಆಡುವವರು ಸುಮ್ಮನಿರುತ್ತಾರೆಯೇ? ಇದು ಆಟ ಕಟ್ಟಿದವರು ಬಚ್ಚಿಟ್ಟ ಗುಟ್ಟು ಎಂದುಕೊಂಡು ಆ ನಂಬರಿಗೆ ಫೋನ್ ಮಾಡಿದರು. ಅತ್ತ ಒಂದೇ ರಿಂಗಿಗೆ ಫೋನು ಎತ್ತುತ್ತಿದ್ದರು. ಒಬ್ಬ ಹೆಂಗಸು ಏದುಸಿರು ಬಿಡುತ್ತಾ "ತಮ್ಮಾ?" ಎನ್ನುತ್ತಿದ್ದಳು. ಅಲ್ಲ ಎಂದು ಗೊತ್ತಾದಾಗ ಅವಳ ದನಿ ಕುಸಿಯುತ್ತಿತ್ತು. ಕೆಲವು ಸಲ ಅತ್ತೇಬಿಡುತ್ತಿದ್ದಳು. ಎಂಥ ನಟನೆ ಎಂದು ಆಡುವವರು ಬೆರಗಾದರು, ಗೆಳೆಯರಿಗೂ ನಂಬರು ಹಂಚಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದರೆ ಇದೇ. ವ್ಯತ್ಯಾಸವೆಂದರೆ ಇಲ್ಲಿ ಬೆಕ್ಕಿಗೂ ತಾನು ಬೆಕ್ಕು ಎಂದು ಗೊತ್ತಿರಲಿಲ್ಲ.

ಕಂಪನಿಯ ಮುಖ್ಯಸ್ಥ ಇದನ್ನು ಗೋಡೆ ಅಕ್ಕನಿಗೆ ತೋರಿಸಿದ್ದು ಖುಷಿಯಿಂದ. ಯಾರೋ ತಾವು ಆಡಿದ್ದನ್ನು ವಿಡಿಯೋ ಮಾಡಿ ಹಾಕಿದ್ದರು. "ಅಕ್ಕಾ, ನಮಗೂ ಹೇಳದೆ ಏನು ಕರಾಮತ್ತು ಮಾಡಿದೀರಿ? ಜನ ಹುಚ್ಚಾಗಿದಾರೆ" ಎಂದ. ಪರದೆಯ ಮೇಲೆ ಟಾರ್ಚಿನ ಬೆಳಕು ಸರಿಯಿತು, ಅಕ್ಷರ ಎದ್ದವು. ಆಮೇಲೆ ಆ "ತಮ್ಮಾ?" ಕೇಳಿಸಿತು.

"ಎದೆ ಧಸಕ್ ಅಂತು" ಎನ್ನುತ್ತಾಳೆ ಗೋಡೆ ಅಕ್ಕ. "ಅದು ನಟನೆ ಅಲ್ಲ ಅಂತ ನನಗೆ ಗೊತ್ತಾಗೋಯ್ತು. ನಮ್ಮಮ್ಮ ಆಸ್ಪತ್ರೇಲಿದ್ದಾಗ ಫೋನ್ ಬಂದ್ರೆ ನಾನೂ ಹಾಗೇ ಎತ್ತುತಿದ್ದೆ. ಆ ಗೋಡೆ ಎಲ್ಲಿದೆ ಅಂತ ಗೊತ್ತಿತ್ತು. ಬರೆದೋರು ಇಲ್ಲೇ ಎಲ್ಲೋ ನಡೆಯೋ ದೂರದಲ್ಲಿ ಇರ್ತಾರೆ ಅಂತ ಹೊಳೀತು."

ಅವಳು ನಡೆದದ್ದನ್ನು ಬಿಡಿಸಿ ಹೇಳಿದಾಗ ಮುಖ್ಯಸ್ಥನ ಮುಖ ಸುಣ್ಣವಾಯಿತು. ಕೆಟ್ಟ ಮನುಷ್ಯನಲ್ಲ. ಒಡನೆ ಅಳಿಸಿ ಎಂದ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು ಅವಳಿಗೆ. ಉಬ್ಬುತಗ್ಗಿನ ಚಿತ್ರವನ್ನು ತೊಳೆದ ಗೋಡೆಯಿಂದ ಹೊಸದಾಗಿ ಮಾಡಿ, ಮತ್ತೆ ಪರಿವರ್ತಿಸಿ, ದೊಡ್ಡ ಅಳತೆಯಿಂದ ಚಿಕ್ಕದರವರೆಗೆ ಎಲ್ಲವನ್ನೂ ಬದಲಿಸಿದಳು. ಆ ಗೋಡೆಯನ್ನು ಆಟದಲ್ಲಿ ಎಲ್ಲೆಲ್ಲಿ ಬಳಸಿದ್ದಾರೆ ಎಂದು ಯಾರಿಗೂ ಪೂರ್ತಿ ನೆನಪಿರಲಿಲ್ಲ. ಹಾಗಾಗಿ ಜನ್ಮದಲ್ಲಿ ಗೇಮ್ ಆಡದ ಹೆಂಗಸು ತಾನೇ ಆಟದೊಳಗೆ ಇಳಿದು, ಟಾರ್ಚು ಹಿಡಿದು, ಒಂದೊಂದು ಗೋಡೆಯ ಪಕ್ಕದಲ್ಲೂ ನಡೆದಳು. ಬಾಣದ ಗುರುತಿನ ಗುಂಡಿ ಒತ್ತಲು ಹೋಗಿ ಹಾರುವ ಗುಂಡಿ ಒತ್ತುತ್ತಿದ್ದಳು. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಅತ್ತೆ "ಮತ್ತೆ ಕಾಲುವೆಗೆ ಬಿದ್ಯಾ?" ಎನ್ನುತ್ತಿದ್ದಳು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ತಿದ್ದಿದ ಆಟ ಹೊರಗೆ ಹೋಯಿತು. ಆದರೆ ಅದನ್ನು ಇಳಿಸಿಕೊಳ್ಳದೆ ಹಳೆಯದನ್ನೇ ಆಡುವವರು ಬೇಕಾದಷ್ಟು ಮಂದಿ. ಗುಟ್ಟು ತೆಗೆದುಬಿಟ್ಟರಂತೆ ಎಂಬ ಸುದ್ದಿ ಹರಡಿದ ಮೇಲಂತೂ ಹಳೆಯದಕ್ಕೇ ಬೆಲೆ ಬಂತು. ಅಕ್ಕನನ್ನು ವಾಪಸ್ ತನ್ನಿ ಎಂದು ಕಂಪನಿಗೆ ಬರೆದವರೂ ಇದ್ದಾರೆ. ನಿಜ ಸಂಗತಿ ಹೇಳಿ ಕಂಪನಿ ಪ್ರಕಟಣೆ ಹಾಕಿದರೆ ಅದನ್ನೂ ಕೆಲವರು ಆಟದ ಭಾಗ ಎಂದುಕೊಂಡರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಗೋಡೆ ಅಕ್ಕ ಆ ನಂಬರಿಗೆ ತಾನು ಫೋನ್ ಮಾಡಲಿಲ್ಲ. ಇನ್ನೊಂದು ಸಲ "ತಮ್ಮಾ?" ಎನಿಸಲು ಮನಸ್ಸು ಬರಲಿಲ್ಲ. ಸರಕು ಅಂಗಳದ ಹಮಾಲರನ್ನು ಕೇಳಿಕೊಂಡು ಹೋದಳು. ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಕೋಣೆಯೊಂದರಲ್ಲಿ ಹೊಲಿಗೆ ಯಂತ್ರ. ಅದರ ಮುಂದೆ ಐವತ್ತರ ಆಸುಪಾಸಿನ ಒಬ್ಬಾಕೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಹಾಕುವುದು, ಗುಂಡಿ ಹೊಲಿಯುವುದು ಅವಳ ಕೆಲಸ. ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಯಂತ್ರದ ಮೇಲೆ, ಕೈಗೆ ಎಟುಕುವ ಕಡೆ, ಈ ಬಟನ್ ಫೋನು.

ತಮ್ಮ ಹಮಾಲಿ ಮಾಡುತ್ತಿದ್ದವನು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನೇ ಬೆಳೆಸಿದ್ದು. ಸಿಟ್ಟು ಬಂದರೆ ಮನೆಯಲ್ಲಿ ಮಾತಾಡುವವನಲ್ಲ, ಆ ಗೋಡೆಯ ಬುಡದಲ್ಲಿ ಹೋಗಿ ಕೂರುವವನು. ಒಂದು ದಿನ ಊಟದ ಹೊತ್ತಿನಲ್ಲಿ ಟೈಲರಮ್ಮ ಬಾಯಿತಪ್ಪಿ ಒಂದು ಮಾತು ಅಂದಳು. ನಿನ್ನಿಂದ ನನ್ನ ಬಾಳು ಹೀಗಾಯಿತು ಎಂದು. ಅವನು ಕೈತೊಳೆದು ಎದ್ದುಹೋದವನು ಮರಳಿ ಬರಲಿಲ್ಲ. ಗೋಡೆಯ ಬುಡದಲ್ಲೂ ಇರಲಿಲ್ಲ. ಅವನ ಹತ್ತಿರ ಫೋನಿಲ್ಲ, ಅಕ್ಕನ ನಂಬರು ಬಾಯಿಪಾಠ. ಕಾಗದ ಅಂಟಿಸಿದರೆ ಹರಿಯುತ್ತಾರೆ, ಸುಣ್ಣದಲ್ಲಿ ಬರೆದರೆ ಮಳೆಗೆ ಹೋಗುತ್ತದೆ ಎಂದು ಟೈಲರಮ್ಮ ಕತ್ತರಿಯ ತುದಿಯಿಂದ ಗೋಡೆ ಕೊರೆದಳು. ಅವಳ ದೊಡ್ಡ ಕತ್ತರಿಯ ಒಂದು ಮೂತಿ ಈಗಲೂ ಮೊಂಡು.

ಗೋಡೆ ಅಕ್ಕ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದಳು. ಟೈಲರಮ್ಮನ ಕಾಲು ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. ತುಳಿಯುತ್ತಲೇ ಒಂದೇ ಪ್ರಶ್ನೆ ಕೇಳಿದಳು.

"ನನ್ನ ನಂಬರು ಆ ಆಟದ ಊರಲ್ಲಿದೆ ಅಂತೀರ. ನನ್ನ ತಮ್ಮ ಅಲ್ಲೇನಾದ್ರೂ ಇದಾನಾ?"

ಈ ಮಾತು ಹೇಳುವಾಗ ಗೋಡೆ ಅಕ್ಕ ಈಗಲೂ ತಲೆ ತಗ್ಗಿಸುತ್ತಾಳೆ. ಅಲ್ಲಿ ಯಾರೂ ಇಲ್ಲ, ಖಾಲಿ ಊರು ಎಂದು ಹೇಳಹೋಗಿ ಅವಳು ಅತ್ತಳು. ಟೈಲರಮ್ಮ ಅಳಲಿಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಟೈಲರಮ್ಮ ಎಗರಿ ಎತ್ತಿದಳು, ಕೇಳಿಸಿಕೊಂಡಳು, ಇಟ್ಟಳು. ಹಿಂದೊಮ್ಮೆ ಹೀಗೇ ಎಗರಿದಾಗ ಸೂಜಿ ಚುಚ್ಚಿದ ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು.

"ಆಫ್ ಮಾಡೋಣ ಅಂದ್ರೆ ಅದೇ ಹೊತ್ತಿಗೆ ಅವನು ಮಾಡಿದ್ರೆ?" ಎಂದಳು. "ಎತ್ತದೇ ಬಿಡೋಣ ಅಂದ್ರೆ ಅದೇ ಅವನದಾಗಿದ್ರೆ? ಒಂದೊಂದು ಸಲ ಹೊಡ್ಕೊಂಡಾಗ್ಲೂ ಜೀವ ಬಾಯಿಗೆ ಬರುತ್ತೆ. ಈಗೀಗ ಹೊಡ್ಕೊಳ್ದೇ ಇದ್ರೂ ಕೇಳ್ಸುತ್ತೆ ಕಣಮ್ಮಾ."

ಆಗ ಗೋಡೆ ಅಕ್ಕ, ಅರ್ಧ ದಿನ ನಾನು ಎತ್ತುತ್ತೇನೆ, ನೀವು ನಿದ್ದೆ ಮಾಡಿ ಎಂದು ಆ ಫೋನನ್ನು ಕೇಳಿದಳು. ಟೈಲರಮ್ಮ ಕೊಡಲಿಲ್ಲ. ಅಪರಿಚಿತಳ ಕೈಗೆ ತಮ್ಮನನ್ನೇ ಕೊಟ್ಟಂತೆ ಅಲ್ಲವೇ ಅದು? ಗೋಡೆ ಅಕ್ಕ ದಿನಾ ಹೋಗಿ ಮೆಟ್ಟಿಲ ಮೇಲೆ ಕೂತಳು. ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಆಮೇಲೊಂದು ಬೆಳಿಗ್ಗೆ ಟೈಲರಮ್ಮ ತಾನೇ ಫೋನಿಗೆ ದಾರ ಹೆಣೆದು ಇವಳ ಕುತ್ತಿಗೆಗೆ ಹಾಕಿ, ಇದ್ದಲ್ಲೇ ಮಲಗಿ ನಿದ್ದೆ ಹೋದಳು. ಅಂದಿನಿಂದ ದಿನಾ ನಸುಕಿನಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಫೋನು ಗೋಡೆ ಅಕ್ಕನದು, ಆಮೇಲೆ ಟೈಲರಮ್ಮನದು.

ಕೊಡುವಾಗ ಟೈಲರಮ್ಮ ಪಾಠ ಹೇಳಿದ್ದಳು. ಅವನು ಹಲೋ ಅನ್ನುವವನಲ್ಲ. ಮೊದಲು ಸುಮ್ಮನಿರುತ್ತಾನೆ. ಗಂಟಲು ಸರಿಮಾಡಿಕೊಳ್ಳುತ್ತಾನೆ. ಆ ಕಡೆ ಮಾತಿಲ್ಲ ಎಂದು ಇಟ್ಟುಬಿಡಬಾರದು. ಊಟ ಮಾಡಿದ್ಯಾ ಅಂತ ಕೇಳು, ಆಗ ಮಾತಾಡುತ್ತಾನೆ.

ಹೀಗಾಗಿ ಗೋಡೆ ಅಕ್ಕ ಈಗ ದೂರದ ಗೋಡೆಗಳಿಗೆ ಹೋಗುವುದಿಲ್ಲ. ಮೆಟ್ಟಿಲ ಕೆಳಗಿನ ಆ ಕೋಣೆಯಿಂದ ಓಡಿ ತಲುಪುವಷ್ಟು ದೂರದಲ್ಲಿ ಎಷ್ಟು ಗೋಡೆಗಳಿವೆಯೋ ಅಷ್ಟೇ ಅವಳ ಗೋಡೆಗಳು. ತಮ್ಮನ ಫೋನು ಬಂದರೆ ಅದನ್ನು ಇಡದೆ, ಮಾತು ತುಂಡಾಗದಂತೆ ನೋಡಿಕೊಂಡು, ಓಡಿಹೋಗಿ ಟೈಲರಮ್ಮನ ಕೈಗೆ ಕೊಡಬೇಕು ಎನ್ನುವುದು ಒಪ್ಪಂದ. ಹತ್ತಿರದ ಗೋಡೆಗಳೆಲ್ಲ ಮುಗಿಯುತ್ತಾ ಬಂದಿವೆ. ಬಂದರಿನ ಕಡೆಯ ಗೋಡೆಗಳು ಬೇಕು ಎಂದು ಕಂಪನಿಯವರು ಎರಡು ಸಲ ಕೇಳಿದ್ದಾರೆ, ಇವಳು ಎರಡು ಸಲ ನೆಪ ಹೇಳಿದ್ದಾಳೆ. ಮೂರನೆಯ ಸಲ ಬೇರೆಯವರನ್ನು ಕಳಿಸುತ್ತಾರೆ ಎಂಬುದು ಅವಳಿಗೆ ಗೊತ್ತು. ಚಾರ್ಜು ಮುಗಿದರೆ ಎಂಬ ಭಯ, ಮಳೆಗೆ ನೆನೆದರೆ ಎಂಬ ಭಯ, ಸ್ನಾನಕ್ಕೆ ಹೋದಾಗ ಬಂದರೆ ಎಂಬ ಭಯ. ಸ್ನಾನದ ಹೊತ್ತಿಗೆ ಫೋನು ಅತ್ತೆಯ ಕೈಯಲ್ಲಿರುತ್ತದೆ. ಅತ್ತೆ ಮಾತ್ರ ಫೋನ್ ಮಾಡಿದವರನ್ನು ಸುಲಭಕ್ಕೆ ಬಿಡುವುದಿಲ್ಲ. ಓದು ಬಿಟ್ಟು ಆಟ ಆಡ್ತೀಯಾ, ಅಮ್ಮನ ಕೈಗೆ ಕೊಡು ಫೋನ್ ಎನ್ನುತ್ತಾಳೆ. ಹಾಗೆ ಒಂದಿಬ್ಬರು ನಿಜಕ್ಕೂ ಅಮ್ಮನ ಕೈಗೆ ಕೊಟ್ಟದ್ದೂ ಉಂಟು.

"ಇವಳಿಗೆ ಯಾಕೆ ಬೇಕಿತ್ತು ಅಂತ ಮೊದಮೊದಲು ನಾನೂ ಅಂದಿದ್ದೆ" ಎನ್ನುತ್ತಾನೆ ಗಂಡ. "ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಾಗ ನಾನು ಹೊರಗಿಂದ ಮಾತಾಡ್ತಾನೇ ಇರ್ತೀನಿ. ಬಾಗಿಲು ತೆಗೆಯೋಕೆ ಹೊತ್ತಾಗುತ್ತೆ, ಅಲ್ಲಿವರೆಗೂ ಯಾರೋ ಇದಾರೆ ಅಂತ ಒಳಗಿನೋರಿಗೆ ಗೊತ್ತಾಗ್ಬೇಕಲ್ಲ. ಇವಳು ಮಾಡ್ತಿರೋದೂ ಅದೇ ಅಂತ ಆಮೇಲೆ ಅನ್ನಿಸ್ತು."

ಐಸ್ ಕಾರ್ಖಾನೆಯ ಹಿಂದೆ ಬೆಳಕು ಏರುತ್ತಿದೆ. ಟಾರ್ಚಿನ ಪರೀಕ್ಷೆ ಮುಗಿದಿದೆ. ಒಂದು ಕಡೆ ಯಾರೋ ಮಕ್ಕಳು ಕೊರೆದ ಮೀನಿನ ಚಿತ್ರ, ಇನ್ನೊಂದು ಕಡೆ ಯಾವುದೋ ಸಾಲಿನ ಕೊನೆಯ ಎರಡು ಅಕ್ಷರ. ಅವುಗಳನ್ನು ಅವಳು ಬಾಯಿಬಿಟ್ಟು ಓದುತ್ತಾಳೆ. "ಈಗ ಅಳಿಸೋಕೆ ಮುಂಚೆ ಓದ್ತೀನಿ. ಯಾರು ಯಾಕೆ ಬರೆದಿದಾರೋ. ಕೆಲಸ ಅಂದ್ಮೇಲೆ ಅಳಿಸ್ತೀನಿ. ಆದ್ರೆ ಓದಿ ಅಳಿಸ್ತೀನಿ" ಎನ್ನುತ್ತಾಳೆ. ಕ್ಯಾಮೆರಾದ ಹಿಂದೆ ಬಗ್ಗಿ ಗುಂಡಿ ಒತ್ತಬೇಕು, ಅಷ್ಟರಲ್ಲಿ ಕುತ್ತಿಗೆಯ ಫೋನು ಹೊಡೆದುಕೊಳ್ಳುತ್ತದೆ.

ಎತ್ತಿ ಕಿವಿಗಿಡುತ್ತಾಳೆ. ಆ ಕಡೆ ಮಾತಿಲ್ಲ. ಕ್ಯಾಮೆರಾವನ್ನು ನಿಂತಲ್ಲೇ ಬಿಟ್ಟು ಓಣಿಯ ತುದಿಯ ಕಡೆ ನಡೆಯತೊಡಗುತ್ತಾಳೆ. ಕಾವಲುಗಾರನಿಗೆ ಕ್ಯಾಮೆರಾ ನೋಡಿಕೊಳ್ಳುವಂತೆ ಕೈಸನ್ನೆ ಮಾಡುತ್ತಾಳೆ. ನಡಿಗೆ ಓಟವಾಗುತ್ತದೆ. ಓಡುತ್ತಲೇ, ದನಿ ಅಲುಗದಂತೆ ಕೇಳುತ್ತಾಳೆ: "ಊಟ ಮಾಡಿದ್ಯಾ ತಮ್ಮಾ? ಇಡಬೇಡ. ಅಕ್ಕ ಇಲ್ಲೇ ಇದಾಳೆ. ಸುಮ್ನಿದ್ರೂ ಪರವಾಗಿಲ್ಲ, ಇಡಬೇಡ."

ಸರಕು ಅಂಗಳ ದಾಟುತ್ತಾಳೆ. ಗಾಡಿ ತಳ್ಳುವವರು ದಾರಿ ಬಿಡುತ್ತಾರೆ, ಅವರಿಗೆ ಇದು ಹೊಸತಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಕಾಣುತ್ತದೆ. ಆಗ ಆ ಕಡೆಯಿಂದ ಎಳೆಯ ದನಿಯೊಂದು, ಸಂಕೋಚದಿಂದ, ಇದು ಆಟದ ಅಕ್ಕನಾ, ಮುಂದಿನ ಬಾಗಿಲು ಎಲ್ಲಿದೆ ಎಂದು ಕೇಳುತ್ತದೆ.

ಗೋಡೆ ಅಕ್ಕ ನಿಲ್ಲುತ್ತಾಳೆ. ಏದುಸಿರು ಇಳಿಯುವವರೆಗೆ ಕಾಯುತ್ತಾಳೆ. "ಇದು ಆಟ ಅಲ್ಲ ಮಗಾ, ಮನೆ" ಎನ್ನುತ್ತಾಳೆ. "ಈ ನಂಬರಿಗೆ ಒಬ್ಬರು ಫೋನ್ ಮಾಡೋದಿದೆ, ಅವರಿಗೆ ಜಾಗ ಬಿಡ್ಬೇಕು. ನಿನ್ನ ಗೆಳೆಯರಿಗೂ ಹೇಳ್ತೀಯಾ?" ಹೇಳುತ್ತೇನೆ ಎನ್ನುತ್ತದೆ ಆ ದನಿ. ಬೈಯುವುದಿಲ್ಲ ಅವಳು. ತಪ್ಪು ಫೋನ್ ಮಾಡುವವರದಲ್ಲ ಎನ್ನುತ್ತಾಳೆ.

ಬಾಗಿಲಲ್ಲಿ ಟೈಲರಮ್ಮ ಬಂದು ನಿಂತಿದ್ದಾಳೆ, ಸೆರಗಿನಿಂದ ಕಣ್ಣುಜ್ಜಿಕೊಳ್ಳುತ್ತಾ. ಇವಳು ದೂರದಿಂದಲೇ ತಲೆಯಾಡಿಸುತ್ತಾಳೆ, ಅಲ್ಲ ಎಂದು. ಟೈಲರಮ್ಮನೂ ತಲೆಯಾಡಿಸಿ ಒಳಗೆ ಹೋಗುತ್ತಾಳೆ. ಹೊಲಿಗೆ ಯಂತ್ರದ ಸದ್ದು ಶುರುವಾಗುತ್ತದೆ. ಓಣಿಗೆ ಮರಳುವ ಹೊತ್ತಿಗೆ ಗೋಡೆಯ ಮೇಲೆ ಬಿಸಿಲು ಬಿದ್ದಿದೆ. ಇವತ್ತಿನ ಫೋಟೋ ಇನ್ನು ನಾಳೆಗೆ.

ಹೀಗೇ ಎಷ್ಟು ದಿನ, ನಿಮಗೆ ಬೇಕಾಗಿರುವುದಾದರೂ ಏನು ಎಂದು ಕೇಳಿದರೆ ಗೋಡೆ ಅಕ್ಕ ಸ್ಟ್ಯಾಂಡು ಮಡಿಸುತ್ತಾ ಹೇಳುತ್ತಾಳೆ.

"ಒಂದು ದಿನ ಹೀಗೇ ಓಡ್ಕೊಂಡು ಹೋಗ್ಬೇಕು. ಫೋನು ಅವಳ ಕೈಗೆ ಕೊಡ್ಬೇಕು. ಕೊಟ್ಟು, ಬಾಗಿಲು ಎಳ್ಕೊಂಡು, ನಾನು ಹೊರಗೆ ನಿಂತ್ಕೋಬೇಕು. ಅವರೇನು ಮಾತಾಡಿದ್ರು ಅಂತ ನನಗೆ ಗೊತ್ತಾಗೋದೂ ಬೇಡ."